ಧಮನಿಯೊಳಗೆ ಹಿಮ

ಕಾಲಿಗೆ ಚಳಿ ತಾಗದಂತೆ ನೋಡಿಕೊಳ್ಳಬೇಕೆಂಬುದು ನಮ್ಮ ಮನೆಗಳಲ್ಲಿ ಹಿರಿಯರಿಂದ ಕೇಳಿಬಂದ ಮಾತು. ವಯಸ್ಸಾದವರು ಮಾಗಿಯ ರಾತ್ರಿಯಲ್ಲಿ ಕಾಲುಚೀಲವಿಲ್ಲದೆ ಮಲಗಿದರೆ ಮನೆಯವರು ಗದರಿಸುವುದುಂಟು. ವೈದ್ಯರೂ ಇದನ್ನು ಅಲ್ಲಗಳೆಯುವುದಿಲ್ಲ. ಚಳಿ ತಾಗಿದೊಡನೆ ಕಾಲಿನ ರಕ್ತನಾಳಗಳು ಮುದುಡಿಕೊಳ್ಳುತ್ತವೆ, ರಕ್ತದ ಓಟ ಕುಗ್ಗುತ್ತದೆ. ಹೀಗಿರುವಾಗ, ರಕ್ತ ಸಾಲದೆ ನೋಯುತ್ತಿರುವ ಕಾಲಿನ ಧಮನಿಯೊಳಕ್ಕೇ ಒಂದು ಬಲೂನನ್ನು ತೂರಿಸಿ, ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಹತ್ತು ಡಿಗ್ರಿ ಕೆಳಗೆ ಅದನ್ನು ತಣಿಸಿ, ರೋಗಿಯನ್ನು ನಡೆಯುವಂತೆ ಮಾಡುತ್ತೇವೆಂದು ಯಾರಾದರೂ ಹೇಳಿದರೆ ನಂಬುವುದು ಕಷ್ಟ. ಆದರೆ ಈ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಹಾಗೆ ಹೇಳಿದರು, ಹಾಗೆಯೇ ಮಾಡಿದರು, ಮಾಡಿ ಸಂತೋಷವನ್ನೂ ಪಟ್ಟರು. ಆ ಚಿಕಿತ್ಸೆಗೆ ಕ್ರಯೋಪ್ಲಾಸ್ಟಿ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಕ್ರಯೋ ಎಂದರೆ ಹಿಮದ ಚಳಿ.

ನಾನು ವೈದ್ಯನಲ್ಲ, ವೈದ್ಯದ ಚರಿತ್ರೆಯನ್ನು ಓದುವ ಚಪಲವುಳ್ಳವನು, ಅಷ್ಟೆ. ಗೆದ್ದ ಚಿಕಿತ್ಸೆಗಳ ಕಥೆಯನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಗೆಲ್ಲಲಾರದೆ ಹೋದ ಈ ತಣ್ಣನೆಯ ಬಲೂನಿನ ಕಥೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿತು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು, ಧಮನಿಯೊಳಗೆ ಬಲೂನು ಹೊಕ್ಕುದೇ ಹೇಗೆಂಬುದನ್ನು ನೋಡಬೇಕು.

ರಕ್ತವನ್ನು ಹೊತ್ತೊಯ್ಯುವ ಧಮನಿಯ ಒಳಗೋಡೆಗೆ ವರ್ಷಾನುಗಟ್ಟಲೆ ಕೊಬ್ಬು, ಸುಣ್ಣ ಮೆತ್ತಿಕೊಂಡು ದಾರಿ ಕಿರಿದಾಗುತ್ತದೆ. ಹೃದಯದಲ್ಲಾದರೆ ಎದೆನೋವು. ಕಾಲಿನಲ್ಲಾದರೆ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ, ಮತ್ತೆ ನಡೆದರೆ ಮತ್ತೆ ಹಿಡಿಯುತ್ತದೆ. ಹೊಗೆಸೊಪ್ಪಿನ ಚಟವಿದ್ದವರಲ್ಲೂ ಸಕ್ಕರೆ ಕಾಯಿಲೆಯವರಲ್ಲೂ ಇದು ಹೆಚ್ಚು. ರೋಗ ಮುಂದುವರಿದರೆ ಬೆರಳು ಕಪ್ಪಾಗುತ್ತದೆ, ಹುಣ್ಣು ಮಾಯುವುದಿಲ್ಲ, ಕೊನೆಗೆ ಕಾಲನ್ನೇ ತೆಗೆಯಬೇಕಾಗುತ್ತದೆ.

1964ರ ಜನವರಿಯಲ್ಲಿ ಅಮೆರಿಕದ ಆರೆಗಾನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದ ಆಸ್ಪತ್ರೆಯಲ್ಲಿ 82 ವರ್ಷದ ಮುದುಕಿಯೊಬ್ಬಳು ಇದೇ ಅವಸ್ಥೆಯಲ್ಲಿದ್ದಳು. ಪಾದ ಕೊಳೆಯತೊಡಗಿತ್ತು. ಕಾಲು ಕತ್ತರಿಸದೆ ಬೇರೆ ದಾರಿಯಿಲ್ಲವೆಂದು ವೈದ್ಯರು ಹೇಳಿದರು. ಆಕೆ ಒಪ್ಪಲಿಲ್ಲ. ಆಕೆಯ ಹಟವೇ ಈ ಚರಿತ್ರೆಯ ಮೊದಲ ಪುಟವೆಂದು ನನಗೆ ತೋರುತ್ತದೆ. ಏನಾದರೂ ಮಾಡಲಾಗುವುದೇ ಎಂದು ಆಕೆಯನ್ನು ಚಾರ್ಲ್ಸ್ ಡಾಟರ್ ಎಂಬವನ ಬಳಿಗೆ ಕಳುಹಿಸಿದರು. ಆತ ಶಸ್ತ್ರವೈದ್ಯನಲ್ಲ, ಕ್ಷಕಿರಣ ವಿಭಾಗದ ಮುಖ್ಯಸ್ಥ. 1952ರಲ್ಲಿ, ಇನ್ನೂ 32ರ ಪ್ರಾಯದಲ್ಲಿ, ಆ ಪದವಿಗೆ ಬಂದವನು. ರಕ್ತನಾಳದೊಳಗೆ ತೆಳುವಾದ ಕೊಳವೆಯನ್ನು ತೂರಿಸಿ, ಬಣ್ಣದ ದ್ರವ ಬಿಟ್ಟು, ಕ್ಷಕಿರಣದಲ್ಲಿ ಚಿತ್ರ ತೆಗೆಯುವುದು ಆತನ ಕಸುಬು. ಹಿಂದಿನ ವರ್ಷ ಒಬ್ಬ ರೋಗಿಗೆ ಹಾಗೆ ಕೊಳವೆ ತೂರಿಸುತ್ತಿದ್ದಾಗ, ಮುಚ್ಚಿಹೋಗಿದ್ದ ಧಮನಿಯೊಂದರ ಮೂಲಕ ಅದು ಹಾದುಹೋಗಿ, ಎಣಿಸದೆಯೇ ದಾರಿ ತೆರೆದುಬಿಟ್ಟಿತ್ತು. ಬೇರೊಬ್ಬನಾಗಿದ್ದರೆ ಬೆಚ್ಚಿ ಸುಮ್ಮನಾಗುತ್ತಿದ್ದನೇನೋ. ಡಾಟರ್ ಅದನ್ನು ಮರೆಯಲಿಲ್ಲ. ಚಿತ್ರ ತೆಗೆಯುವ ಈ ಕೊಳವೆ ಚಿಕಿತ್ಸೆಯ ಆಯುಧವೂ ಆಗಬಲ್ಲುದೆಂದು 1963ರಲ್ಲಿಯೇ ಚೆಕೊಸ್ಲೊವಾಕಿಯಾದ ಕಾರ್ಲೊವಿ ವಾರಿಯಲ್ಲಿ ನಡೆದ ಸಮ್ಮೇಳನದಲ್ಲಿ ಹೇಳಿಬಂದ.

ಜನವರಿ 16ರಂದು ಆತ ಆ ಮುದುಕಿಯ ತೊಡೆಯ ಧಮನಿಯೊಳಗೆ ತಂತಿಯೊಂದನ್ನು ಇಳಿಸಿ, ಅದರ ಮೇಲೆ ಸಣ್ಣ ಕೊಳವೆ, ಅದರ ಮೇಲೆ ದಪ್ಪ ಕೊಳವೆ, ಹೀಗೆ ಒಂದರ ಮೇಲೊಂದು ಜಾರಿಸುತ್ತ ಹೋದ. ಬಲೂನು ಇನ್ನೂ ಹುಟ್ಟಿರಲಿಲ್ಲ. ಕಿರಿದಾಗಿದ್ದ ಜಾಗ ಅಗಲವಾಯಿತು, ತಣ್ಣಗಿದ್ದ ಪಾದ ಬೆಚ್ಚಗಾಯಿತು, ಹುಣ್ಣು ಮಾಯಿತು. ಆಕೆ ಎರಡು ವರ್ಷಕ್ಕೂ ಮಿಕ್ಕಿ ಬದುಕಿದ್ದು, ತನ್ನ ಎರಡು ಕಾಲುಗಳ ಮೇಲೆಯೇ ನಡೆದಾಡಿಕೊಂಡಿದ್ದು ತೀರಿಕೊಂಡಳು.

ಇಷ್ಟಾದ ಮೇಲೆ ಜಗತ್ತು ಡಾಟರನನ್ನು ಹೊತ್ತು ಮೆರೆಸಿತೆಂದು ವಾಚಕರು ಭಾವಿಸಬಹುದು. ಹಾಗಾಗಲಿಲ್ಲ. ಅಮೆರಿಕದ ಶಸ್ತ್ರವೈದ್ಯರು ಆತನನ್ನು ಹುಚ್ಚನೆಂದು ಕರೆದರು. ರೋಗಿಯನ್ನು ಚಿತ್ರಕ್ಕೆ ಕಳುಹಿಸುವಾಗ, ನೋಡು, ಆದರೆ ಸರಿಪಡಿಸಲು ಹೋಗಬೇಡ ಎಂಬ ಅರ್ಥದ ಒಕ್ಕಣೆಯನ್ನು ಚೀಟಿಯಲ್ಲಿ ಬರೆದು ಕಳುಹಿಸಿದವರೂ ಇದ್ದರು. ಹಲವು ವರ್ಷ ಆ ವಿದ್ಯೆ ಬದುಕಿದ್ದುದು ಹೆಚ್ಚಾಗಿ ಯೂರೋಪಿನಲ್ಲಿ. ಅಲ್ಲಿ ಧಮನಿಯನ್ನು ಅಗಲಿಸುವುದಕ್ಕೆ ಆತನ ಹೆಸರನ್ನೇ ಕ್ರಿಯಾಪದವಾಗಿ ಬಳಸುತ್ತಿದ್ದರಂತೆ.

ಯೂರೋಪಿನಲ್ಲಿ ಅದನ್ನು ಕಂಡು ಬೆರಗಾದವರಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ ಒಬ್ಬ. 1939ರಲ್ಲಿ ಡ್ರೆಸ್ಡನ್‌ನಲ್ಲಿ ಹುಟ್ಟಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ತರುಣ. ದಪ್ಪ ಕೊಳವೆಯನ್ನು ತಳ್ಳುವುದಕ್ಕಿಂತ, ಸಣ್ಣ ಕೊಳವೆಯ ತುದಿಗೆ ಬಲೂನು ಕಟ್ಟಿ ಒಳಗೆ ಹೋದಮೇಲೆ ಉಬ್ಬಿಸಿದರೆ ಮೇಲಲ್ಲವೇ ಎಂಬುದು ಆತನ ಯೋಚನೆ. ಹೇಳುವುದು ಸುಲಭ. ರಬ್ಬರಿನ ಬಲೂನು ಗಟ್ಟಿಯಾದ ಜಾಗದಲ್ಲಿ ಉಬ್ಬದೆ ಮೆತ್ತಗಿನ ಜಾಗದಲ್ಲಿ ಉಬ್ಬಿಬಿಡುತ್ತದೆ. ಆದುದರಿಂದ ಇಷ್ಟೇ ಉಬ್ಬಬೇಕು, ಅದಕ್ಕಿಂತ ಹೆಚ್ಚು ಉಬ್ಬಬಾರದು, ಅಂಥ ಬಲೂನು ಬೇಕು. ಸಂಜೆ ಆಸ್ಪತ್ರೆಯಿಂದ ಬಂದಮೇಲೆ ಅಡಿಗೆಮನೆಯ ಮೇಜಿನ ಮೇಲೆ, ಹೆಂಡತಿ, ಸಹಾಯಕಿ, ಸಹಾಯಕಿಯ ಗಂಡ, ಇವರನ್ನು ಸುತ್ತ ಕೂರಿಸಿಕೊಂಡು, ಪ್ಲಾಸ್ಟಿಕ್ ನಳಿಗೆಯನ್ನು ಕಾಯಿಸಿ ಎಳೆದು, ಬಲೂನು ಮಾಡುತ್ತಿದ್ದ. 1974ರ ಫೆಬ್ರವರಿ 12ರಂದು ಕಾಲಿನ ಧಮನಿಯಲ್ಲಿ ಅದನ್ನು ಮೊದಲಬಾರಿ ಉಬ್ಬಿಸಿದ. 1977ರ ಸೆಪ್ಟೆಂಬರ್ 16ರಂದು 38 ವರ್ಷದ ಗೃಹಸ್ಥನೊಬ್ಬನ ಹೃದಯದ ಧಮನಿಯಲ್ಲಿ. ಹತ್ತು ವರ್ಷದ ಮೇಲೆ ನೋಡಿದಾಗಲೂ ಆ ಧಮನಿ ತೆರೆದೇ ಇದ್ದಿತು. ಗ್ರುಂಟ್‌ಸಿಗ್ ಮಾತ್ರ ಅದನ್ನು ನೋಡಲು ಉಳಿದಿರಲಿಲ್ಲ. 1985ರ ಅಕ್ಟೋಬರಿನಲ್ಲಿ ತನ್ನ ಸ್ವಂತ ವಿಮಾನವನ್ನು ತಾನೇ ನಡೆಸುತ್ತಿದ್ದಾಗ ಅಮೆರಿಕದ ಜಾರ್ಜಿಯಾದಲ್ಲಿ ಅದು ಬಿದ್ದು ತೀರಿಕೊಂಡ. ಡಾಟರ್ ಅದೇ ವರ್ಷದ ಫೆಬ್ರವರಿಯಲ್ಲಿ ತೀರಿಕೊಂಡಿದ್ದ.

ಎಲ್ಲರ ಧಮನಿಯೂ ಆ ಗೃಹಸ್ಥನದರಂತೆ ತೆರೆದಿರಲಿಲ್ಲವೆಂಬುದೇ ಮುಂದಿನ ತೊಡಕು. ಬಲೂನು ಧಮನಿಯನ್ನು ಅಗಲಿಸುವುದು ಅದನ್ನು ಒಳಗಿನಿಂದ ಬಿರುಕುಬಿಡಿಸಿ. ಅದು ಗಾಯ. ಗಾಯವಾದರೆ ಮೈ ಅದನ್ನು ಮಾಯಿಸಲು ಹೊರಡುತ್ತದೆ; ಧಮನಿಯ ಗೋಡೆಯಲ್ಲಿರುವ ಸ್ನಾಯುವಿನ ಜೀವಕೋಶಗಳು ಒಂದು ಹತ್ತಾಗಿ, ಹತ್ತು ನೂರಾಗಿ ಒಳಮುಖಕ್ಕೆ ಬೆಳೆಯುತ್ತವೆ. ಆರು ತಿಂಗಳು ಕಳೆಯುವಷ್ಟರಲ್ಲಿ ಹೃದಯದ ರೋಗಿಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ದಾರಿ ಮತ್ತೆ ಕಿರಿದಾಗುತ್ತಿತ್ತು. ತೆರೆದ ಬಾಗಿಲು ಮುಚ್ಚದಂತೆ ಒಳಗೊಂದು ಲೋಹದ ಜಾಲರಿಯನ್ನು ನಿಲ್ಲಿಸಿದರೆ ಹೇಗೆ? ಅದೇ ಸ್ಟೆಂಟ್, 1986ರಲ್ಲಿ ಮನುಷ್ಯನ ಹೃದಯಕ್ಕೆ ಬಂತು. ಹೃದಯದಲ್ಲಿ ಅದು ಗೆದ್ದಿತು. ಔಷಧ ಸವರಿದ ಜಾಲರಿಗಳೂ ಬಂದುವು.

ಕಾಲಿನ ಪಾಡು ಬೇರೆ. ತೊಡೆಯಿಂದ ಮೊಣಕಾಲಿನ ಹಿಂದಕ್ಕೆ ಇಳಿಯುವ ಧಮನಿ ಮನುಷ್ಯನ ಮೈಯಲ್ಲಿ ಅತಿ ಹೆಚ್ಚು ಕಷ್ಟಪಡುವ ನಾಳಗಳಲ್ಲೊಂದು. ನಾವು ಕೂತಾಗ ಬಾಗುತ್ತದೆ, ನಡೆದಾಗ ಎಳೆದುಕೊಳ್ಳುತ್ತದೆ, ಮೆಟ್ಟಿಲು ಹತ್ತುವಾಗ ತಿರುಚಿಕೊಳ್ಳುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ನಮ್ಮಂಥವರ ಧಮನಿಯ ಗತಿಯನ್ನು ನೀವೇ ಊಹಿಸಿ. ಅಲ್ಲಿಟ್ಟ ಲೋಹ ಮುರಿಯುತ್ತಿತ್ತು. ಜರ್ಮನಿಯ ಲೈಪ್‌ಜಿಗ್‌ನ ವೈದ್ಯರು ಸ್ಟೆಂಟ್ ಇಟ್ಟ 121 ಕಾಲುಗಳನ್ನು ಪರೀಕ್ಷಿಸಿ, 45ರಲ್ಲಿ ಲೋಹ ಮುರಿದಿದೆಯೆಂದು 2005ರಲ್ಲಿ ಪ್ರಕಟಿಸಿದರು. ಹಾಗೆಂದು ಬರಿಯ ಬಲೂನಿಗೆ ಹಿಂದಿರುಗುವಂತೆಯೂ ಇರಲಿಲ್ಲ. ವಿಯನ್ನಾದಲ್ಲಿ 104 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವರ್ಷ ತುಂಬುವುದರೊಳಗೆ ಸ್ಟೆಂಟಿನವರಲ್ಲಿ ನೂರಕ್ಕೆ 37 ಮಂದಿಗೆ, ಬಲೂನಿನವರಲ್ಲಿ ನೂರಕ್ಕೆ 63 ಮಂದಿಗೆ ಧಮನಿ ಮತ್ತೆ ಕಿರಿದಾಗಿತ್ತು. ಹಿಂದೆ ಬಾವಿ, ಮುಂದೆ ಕೆರೆ. ಒಳಗೆ ಏನನ್ನೂ ಬಿಟ್ಟುಬರದೆ, ಆದರೆ ಗಾಯದ ನೆನಪನ್ನು ಅಳಿಸಿಬರುವಂಥ ಬಲೂನು ಸಿಕ್ಕೀತೇ ಎಂದು ಎಲ್ಲರೂ ಹುಡುಕುತ್ತಿದ್ದ ಕಾಲವದು.

ತಣ್ಣನೆಯ ಬಲೂನು ಬಂದುದು ಆಗ. ಚಳಿಯನ್ನು ಆಯುಧವಾಗಿ ಬಳಸುವುದೇನೂ ಹೊಸದಲ್ಲ. ಇಂಗ್ಲೆಂಡಿನ ಬ್ರೈಟನ್ ನಗರದ ಜೇಮ್ಸ್ ಆರ್ನಟ್ ಎಂಬ ವೈದ್ಯ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ, ಕುಟ್ಟಿದ ಮಂಜುಗಡ್ಡೆಗೆ ಉಪ್ಪು ಬೆರೆಸಿ, ಮೇಲಕ್ಕೆ ಕಾಣುವ ಕ್ಯಾನ್ಸರ್ ಗೆಡ್ಡೆಗಳನ್ನು ಹೆಪ್ಪುಗಟ್ಟಿಸಿ ಕುಗ್ಗಿಸುತ್ತಿದ್ದ. ಐಸ್‌ಕ್ರೀಮು ಮಾಡುವವರು ಅದೇ ಉಪ್ಪು-ಮಂಜುಗಡ್ಡೆಯ ಉಪಾಯವನ್ನು ಈಗಲೂ ಬಲ್ಲರು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಆತನ ಸಲಕರಣೆಯನ್ನು ಇಟ್ಟಿದ್ದರು. 1961ರ ಸುಮಾರಿಗೆ ನ್ಯೂಯಾರ್ಕಿನ ಇರ್ವಿಂಗ್ ಕೂಪರ್ ದ್ರವ ಸಾರಜನಕ ಹರಿಯುವ ಸಲಾಕೆಯಿಂದ, ಕೈನಡುಕದ ರೋಗಿಗಳ ಮಿದುಳಿನ ಒಂದು ಸಣ್ಣ ಭಾಗವನ್ನು ಹೆಪ್ಪುಗಟ್ಟಿಸಿದ. ದೊಡ್ಡ ರಕ್ತನಾಳಗಳು ಚಳಿಯನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ, ಕೋಶಗಳು ಸತ್ತರೂ ಗೋಡೆಯ ಹಂದರ ಉಳಿದು ರಕ್ತ ಹರಿಯುತ್ತಲೇ ಇರುತ್ತದೆ, ಎಂಬುದನ್ನು 1967ರಲ್ಲಿ ಆಂಡ್ರ್ಯೂ ಗೇಜ್ ಮತ್ತು ಸಂಗಡಿಗರು ನಾಯಿಗಳಲ್ಲಿ ತೋರಿಸಿದ್ದರು.

ಇದನ್ನು ಬಲೂನಿಗೆ ಜೋಡಿಸಿದವರು ಕ್ಯಾಲಿಫೋರ್ನಿಯಾದ ಹೃದಯವೈದ್ಯ ಜೇಮ್ಸ್ ಜಾಯ್. ಅವರ ಉಪಕರಣದ ಹೆಸರು ಪೋಲಾರ್‌ಕ್ಯಾತ್. ಒಂದರೊಳಗೊಂದು ಎರಡು ಬಲೂನು. ಒಳಗಿನದಕ್ಕೆ ದ್ರವರೂಪದ ನೈಟ್ರಸ್ ಆಕ್ಸೈಡನ್ನು ಬಿಡುತ್ತಾರೆ. ಇದು ಹಳೆಯ ಪರಿಚಯದ ಅನಿಲ: ನಗಿಸುವ ಅನಿಲವೆಂದು ಜಾತ್ರೆಗಳಲ್ಲಿ ತೋರಿಸುತ್ತಿದ್ದುದು, 1844ರಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯ ನೋವಿಲ್ಲದೆ ಹಲ್ಲು ಕೀಳಿಸಿಕೊಳ್ಳಲು ತಾನೇ ಮೂಸಿದ್ದು. ದ್ರವ ಬಲೂನಿನೊಳಗೆ ಅನಿಲವಾಗುವಾಗ ಸುತ್ತಣ ಶಾಖವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿಯ ಮೈ ಬೆವರಿ ನೀರು ತಣ್ಣಗಾಗುವುದೂ ಇದೇ ನ್ಯಾಯದಿಂದ. ಬಲೂನು ಎಂಟು ವಾಯುಭಾರದ ಒತ್ತಡದಲ್ಲಿ ಉಬ್ಬಿ ನಿಂತು, ಸೊನ್ನೆಗಿಂತ 10 ಡಿಗ್ರಿ ಕೆಳಗೆ 20 ಸೆಕೆಂಡುಗಳ ಕಾಲ ಧಮನಿಯ ಗೋಡೆಯನ್ನು ಒತ್ತುತ್ತದೆ. ಆಮೇಲೆ ಮೈಯ ಬಿಸಿಯಿಂದ ತಾನಾಗಿಯೇ ಕರಗುತ್ತದೆ.

ಇದರ ಹಿಂದಿನ ತರ್ಕ ಬಲು ಚೆಲುವಾದುದು. ಕೋಶಗಳ ನಡುವಣ ನೀರು ಮೊದಲು ಹೆಪ್ಪುಗಟ್ಟುತ್ತದೆ. ಅದು ಹೆಪ್ಪುಗಟ್ಟಿದಾಗ ಕೋಶದೊಳಗಿನ ನೀರು ಹೊರಕ್ಕೆ ಎಳೆಯಲ್ಪಟ್ಟು ಕೋಶ ಒಣಗುತ್ತದೆ. ಹೀಗೆ ನೊಂದ ಸ್ನಾಯುಕೋಶ ಸಿಡಿದು ಸುತ್ತಮುತ್ತ ಉರಿ ಹಬ್ಬಿಸದೆ, ತಾನಾಗಿ ಮುದುಡಿ ಇಲ್ಲವಾಗುತ್ತದೆ. ಕೋಶದ ಈ ಸದ್ದಿಲ್ಲದ ಸಾವಿಗೆ 1972ರಲ್ಲಿ ವಿಜ್ಞಾನಿಗಳು ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಮರದಿಂದ ಎಲೆ ಉದುರುವುದಕ್ಕೆ ಆ ಮಾತು. ಬೆಳೆದು ದಾರಿ ಮುಚ್ಚಬೇಕಾಗಿದ್ದ ಕೋಶಗಳೇ ಹಣ್ಣೆಲೆಯಂತೆ ಉದುರಿಹೋದಮೇಲೆ ದಾರಿಯನ್ನು ಮುಚ್ಚುವವರಾರು? ಅದಲ್ಲದೆ ಹೆಪ್ಪುಗಟ್ಟಿದ ಕೊಬ್ಬಿನ ಪದರ ಎಲ್ಲೆಡೆ ಸಮನಾಗಿ ಬಿರಿಯುತ್ತದೆ, ಗೋಡೆಯ ಹಿಗ್ಗುವ ನಾರುಗಳು ಹಿಂದಕ್ಕೆ ಎಳೆದುಕೊಳ್ಳುವುದೂ ಕಡಿಮೆಯಾಗುತ್ತದೆ ಎಂದರು. ಇದನ್ನು ಮೊದಲಸಲ ಓದಿದಾಗ ಪುಸ್ತಕವನ್ನು ಮುಚ್ಚಿಟ್ಟು ನಾನೂ ತಲೆದೂಗಿದ್ದೇನೆ. ಇಷ್ಟು ಹೊಂದಿಕೆಯಾದುದು ಸುಳ್ಳಾಗಿರಲಾರದು ಎನಿಸುತ್ತದೆ.

2002ರಲ್ಲಿ ಅಮೆರಿಕ ಸರ್ಕಾರದ ಔಷಧ ಇಲಾಖೆ ಉಪಕರಣದ ಮಾರಾಟಕ್ಕೆ ಒಪ್ಪಿತು. 2005ರಲ್ಲಿ ಬಾಸ್ಟನ್ ಸೈಂಟಿಫಿಕ್ ಎಂಬ ದೊಡ್ಡ ಕಂಪನಿ ಅದನ್ನು ತಯಾರಿಸುತ್ತಿದ್ದ ಸಣ್ಣ ಕಂಪನಿಯನ್ನು ಕೊಂಡುಕೊಂಡಿತು. ಅದೇ ವರ್ಷ ಹಲವು ಆಸ್ಪತ್ರೆಗಳ 102 ರೋಗಿಗಳ ವರದಿ ಹೊರಬಂತು: ಒಂಬತ್ತು ತಿಂಗಳಾದ ಮೇಲೂ ನೂರಕ್ಕೆ 82 ಮಂದಿಗೆ ಅದೇ ಜಾಗದಲ್ಲಿ ಮತ್ತೆ ಚಿಕಿತ್ಸೆ ಬೇಕಾಗಿರಲಿಲ್ಲ. ಮೊಣಕಾಲಿನ ಕೆಳಗಿನ ಸಣ್ಣ ಧಮನಿಗಳಲ್ಲಿಯೂ, ಕಾಲು ಕಳೆದುಕೊಳ್ಳುವ ಅಂಚಿನಲ್ಲಿದ್ದ ನೂರಕ್ಕೂ ಹೆಚ್ಚು ಮಂದಿಯಲ್ಲಿ ಪ್ರಯೋಗಿಸಿದರು. ಆರು ತಿಂಗಳಿಗೆ ನೂರರಲ್ಲಿ ತೊಂಬತ್ತಕ್ಕೂ ಮಿಕ್ಕ ಕಾಲುಗಳು ಉಳಿದಿದ್ದುವು.

ನಾನು ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಇದೂ ಒಂದು ಗೆಲುವಿನ ಕಥೆಯಾಗುತ್ತಿತ್ತು. ಆದರೆ ಆ ವರದಿಯನ್ನು ಇನ್ನೊಮ್ಮೆ ಓದಿ ನೋಡಬೇಕು. ಮತ್ತೆ ಚಿಕಿತ್ಸೆ ಬೇಕಾಗಲಿಲ್ಲವೆಂದರೆ ಧಮನಿ ತೆರೆದಿತ್ತೆಂದೇ ಅರ್ಥವಲ್ಲ. ಶಬ್ದತರಂಗದಿಂದ ಅಳೆದು ನೋಡಿದಾಗ ತೆರೆದಿದ್ದುದು ನೂರಕ್ಕೆ ಸುಮಾರು 70 ಮಾತ್ರ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಆ 102 ಮಂದಿಯ ಪಕ್ಕದಲ್ಲಿ, ಅವರಂಥವೇ ಕಾಲುಗಳುಳ್ಳ ಇನ್ನೊಂದು ಗುಂಪು ಬರಿಯ ಬಲೂನಿನ ಚಿಕಿತ್ಸೆ ಪಡೆದು ನಿಂತಿರಲಿಲ್ಲ. ಉದ್ದ ಹತ್ತು ಸೆಂಟಿಮೀಟರಿಗೆ ಮೀರದ ಅಡಚಣೆಗಳನ್ನೇ ಆಯ್ದುಕೊಂಡಿದ್ದರು. ಇಂಥ ಕಾಲುಗಳಿಗೆ ಬೆಚ್ಚಗಿನ ಬಲೂನಿನಿಂದಲೇ ಎಷ್ಟು ಗುಣವಾಗುತ್ತಿತ್ತು? ಹೋಲಿಸುವುದಕ್ಕೆ ಹಳೆಯ ಲೆಕ್ಕಗಳಲ್ಲದೆ ಬೇರೇನೂ ಇರಲಿಲ್ಲ. ಹಳೆಯ ಲೆಕ್ಕಗಳಲ್ಲಿ ಉದ್ದುದ್ದದ ಅಡಚಣೆಗಳೂ, ಹಳೆಯ ಕಾಲದ ಉಪಕರಣಗಳೂ ಸೇರಿದ್ದುವು.

ಹಾಗಾದರೆ ಡಾಟರ್ ಯಾರೊಡನೆ ಹೋಲಿಸಿದ್ದ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆತನ ಬಳಿಯೂ ಇದ್ದುದು ಒಬ್ಬ ಮುದುಕಿ. ಆದರೆ ಆತನ ಎದುರಾಳಿ ಕಾಲು ಕತ್ತರಿಸುವ ಗರಗಸವಾಗಿತ್ತು. ಕೊಳೆಯುತ್ತಿದ್ದ ಪಾದ ಮಾಯ್ದುದನ್ನು ನೋಡಲು ಲೆಕ್ಕಾಚಾರ ಬೇಕಿಲ್ಲ, ಕಣ್ಣು ಸಾಕು. ತಣ್ಣನೆಯ ಬಲೂನಿನ ಎದುರಾಳಿ ಬರಿಯ ಬಲೂನು. ನೂರರಲ್ಲಿ ಹತ್ತೋ ಹದಿನೈದೋ ಕಾಲುಗಳ ವ್ಯತ್ಯಾಸ ಒಬ್ಬ ವೈದ್ಯನ ಕಣ್ಣಿಗೆ, ಅವನೆಷ್ಟೇ ಪ್ರಾಮಾಣಿಕನಾಗಿದ್ದರೂ, ಕಾಣುವುದಿಲ್ಲ. ಗುಣವಾದ ರೋಗಿ ನಗುತ್ತ ಹಿಂದಿರುಗಿ ಬರುತ್ತಾನೆ, ಗುಣವಾಗದವನು ಬೇರೆ ಆಸ್ಪತ್ರೆಗೆ ಹೋಗುತ್ತಾನೆ. ಈ ಕಥೆ ನನ್ನನ್ನು ಹಿಡಿದುದು ಇದಕ್ಕಾಗಿಯೇ. ಇಲ್ಲಿ ಯಾರೂ ಮೋಸಗಾರರಲ್ಲ, ತರ್ಕವೂ ಹುಚ್ಚುತರ್ಕವಲ್ಲ.

ಎಚ್ಚರದ ಮೊದಲ ಮಾತು ಬಂದುದು ಅದನ್ನು ಬಳಸುತ್ತಿದ್ದವರಿಂದಲೇ. ಫ್ಲಾರಿಡಾದ ಶಸ್ತ್ರವೈದ್ಯರ ತಂಡವೊಂದು 44 ತಿಂಗಳ ತನ್ನ ಅನುಭವವನ್ನು ಹಿಂದಿರುಗಿ ನೋಡಿ, ಮೊದಲು ಕಂಡ ಭರವಸೆ ಉಳಿಯಲಿಲ್ಲ, ಖರ್ಚು ಮಾತ್ರ ಹೆಚ್ಚಿತೆಂದು 2008ರಲ್ಲಿ ಬರೆಯಿತು. ತಾವು ಹೊಗಳಿದುದನ್ನು ತಾವೇ ಹಿಂದಕ್ಕೆ ತೆಗೆದುಕೊಳ್ಳುವುದು ಯಾವ ವೃತ್ತಿಯಲ್ಲಿಯೂ ಸುಲಭವಲ್ಲ. ಆಮೇಲೆ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಗಳು ಬಂದುವು. ಗ್ರೀಸಿನ ಪಾತ್ರಾಸ್‌ನಲ್ಲಿ ಸಕ್ಕರೆ ಕಾಯಿಲೆಯ 50 ರೋಗಿಗಳನ್ನು ವರ್ಷಗಟ್ಟಲೆ ನೋಡಿಕೊಂಡು ಬಂದರು. 2010ರ ವರದಿಯಂತೆ ತಣ್ಣನೆಯ ಬಲೂನಿನವರ ಧಮನಿಗಳೇ ಹೆಚ್ಚಾಗಿ ಮುಚ್ಚಿದ್ದುವು. ಜರ್ಮನಿಯಲ್ಲಿ ಮೊಣಕಾಲಿನ ಹಿಂದಣ ಧಮನಿಯಲ್ಲಿ 86 ಮಂದಿಯ ಪರೀಕ್ಷೆ ನಡೆಯಿತು. ಒಂಬತ್ತು ತಿಂಗಳಿಗೆ ತಣ್ಣನೆಯದು ನೂರಕ್ಕೆ 79, ಬರಿಯದು 67. ನೋಡಲು ಗೆಲುವು, ಆದರೆ ಅಷ್ಟು ಸಣ್ಣ ಗುಂಪಿನಲ್ಲಿ ಅಷ್ಟು ಅಂತರ ಆಕಸ್ಮಿಕವಾಗಿಯೂ ಬಂದೀತೆಂದು ಲೆಕ್ಕ ಬಲ್ಲವರು ಹೇಳಿದರು. ಒಂದು ಪರೀಕ್ಷೆ ಮಾತ್ರ ಬೇರೆ ದನಿಯಲ್ಲಿ ನುಡಿಯಿತು. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯವರಿಗೆ ಮೊದಲು ಸ್ಟೆಂಟ್ ಇಟ್ಟು, ಅದನ್ನು ಒಳಗಿನಿಂದ ತಣ್ಣನೆಯ ಬಲೂನಿನಿಂದ ಒತ್ತಿದಾಗ ವರ್ಷಕ್ಕೆ ನೂರರಲ್ಲಿ 29 ಮಾತ್ರ ಮತ್ತೆ ಕಿರಿದಾದುವು. ಸಾಮಾನ್ಯ ಬಲೂನಿನಿಂದ ಒತ್ತಿದಾಗ 56. ಇದು 2012ರ ಮಾತು. ಅದನ್ನು ಮರೆಮಾಚುವುದು ನ್ಯಾಯವಲ್ಲ. ಆದರೂ 2013ರಲ್ಲಿ ಕೊಕ್ರೇನ್ ಸಂಸ್ಥೆಯ ಪರಿಶೀಲಕರು ಏಳು ಪರೀಕ್ಷೆಗಳ 478 ರೋಗಿಗಳನ್ನು ಒಟ್ಟಿಗಿಟ್ಟು ನೋಡಿ, ಸಾಮಾನ್ಯ ಬಲೂನಿಗಿಂತ ಇದು ಮೇಲೆಂದು ಸಿದ್ಧವಾಗಿಲ್ಲ ಎಂದರು.

ಅಷ್ಟರಲ್ಲಿ ಇನ್ನೊಂದು ಬಲೂನು ಬಾಗಿಲಿಗೆ ಬಂದು ನಿಂತಿತ್ತು: ಮೈಗೆ ಪ್ಯಾಕ್ಲಿಟಾಕ್ಸೆಲ್ ಎಂಬ ಔಷಧ ಸವರಿಕೊಂಡದ್ದು. ಯೂ ಎಂಬ ಮರದ ತೊಗಟೆಯಲ್ಲಿ ಮೊದಲು ಸಿಕ್ಕ ಆ ಔಷಧ ಕೋಶಗಳು ಇಮ್ಮಡಿಸುವುದನ್ನು ತಡೆಯುತ್ತದೆ. 2008ರ ಜರ್ಮನ್ ಪರೀಕ್ಷೆ ಅದನ್ನು ಮೊದಲಿನಿಂದಲೇ ಬರಿಯ ಬಲೂನಿನ ಪಕ್ಕದಲ್ಲಿಟ್ಟು ತೂಗಿತ್ತು. ಚಳಿ ಮಾಡಲಾರದ ಕೆಲಸವನ್ನು ಔಷಧ ಮಾಡಿತು. ಅದಕ್ಕೂ ಅಗ್ನಿಪರೀಕ್ಷೆ ತಪ್ಪಲಿಲ್ಲ. ಈ ಔಷಧ ಪಡೆದವರಲ್ಲಿ ವರ್ಷಗಳ ಮೇಲೆ ಸಾವು ಹೆಚ್ಚೆಂಬ ಲೆಕ್ಕವೊಂದು 2018ರ ಡಿಸೆಂಬರಿನಲ್ಲಿ ಹೊರಬಂದು, ಲೋಕದ ಆಸ್ಪತ್ರೆಗಳೆಲ್ಲ ತಲ್ಲಣಿಸಿದುವು. ಆ ಲೆಕ್ಕ ಹಾಕಿದವರೂ ಪಾತ್ರಾಸ್‌ನವರೇ. ಹೆಚ್ಚಿನ ಪರೀಕ್ಷೆಗಳನ್ನೆಲ್ಲ ನೋಡಿದಮೇಲೆ, ಅಂಥ ಭಯಕ್ಕೆ ಆಧಾರ ಕಾಣುವುದಿಲ್ಲವೆಂದು ಅಮೆರಿಕದ ಇಲಾಖೆ 2023ರಲ್ಲಿ ತಿಳಿಸಿತು.

ಚಳಿಯ ಬಲೂನು ಮೂಲೆಗೆ ಬಿತ್ತೇ ಎಂದರೆ ಪೂರ್ತಿ ಹಾಗೂ ಹೇಳಲಾಗದು. ಹೃದಯದ ಬಡಿತ ತಾಳತಪ್ಪುವ ಒಂದು ಕಾಯಿಲೆಯಿದೆ. ಶ್ವಾಸಕೋಶದಿಂದ ಹೃದಯಕ್ಕೆ ಬರುವ ಅಭಿಧಮನಿಗಳ ಬಾಯಿಯಲ್ಲಿ ಹುಟ್ಟುವ ಕಿಡಿಗಳು ಅದಕ್ಕೆ ಕಾರಣವೆಂದು 1998ರಲ್ಲಿ ಫ್ರಾನ್ಸಿನ ಬೋರ್ಡೊ ನಗರದ ವೈದ್ಯರು ತೋರಿಸಿಕೊಟ್ಟರು. ಆ ಬಾಯಿಯ ಸುತ್ತಲ ಕೋಶಗಳನ್ನು ಬಳೆಯಾಕಾರದಲ್ಲಿ ಕೊಂದುಬಿಟ್ಟರೆ ಕಿಡಿ ಹೃದಯಕ್ಕೆ ಹಾರದು. ಅಲ್ಲಿ ಗುಂಡಗಿನ ಬಲೂನೊಂದನ್ನು ಒತ್ತಿಟ್ಟು, ಅದೇ ನಗಿಸುವ ಅನಿಲವನ್ನು ಬಿಟ್ಟು, ಈ ಸಲ ಸೊನ್ನೆಗಿಂತ ನಲವತ್ತು ಐವತ್ತು ಡಿಗ್ರಿ ಕೆಳಕ್ಕೆ ತಣಿಸುತ್ತಾರೆ. 2010ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. 2016ರಲ್ಲಿ ಯೂರೋಪಿನ 762 ರೋಗಿಗಳಲ್ಲಿ, ಸುಟ್ಟು ಮಾಡುವ ಹಳೆಯ ಚಿಕಿತ್ಸೆಯ ಪಕ್ಕದಲ್ಲಿಟ್ಟು ಅದನ್ನು ತೂಗಿ ನೋಡಿದರು. ಬೆಂಕಿ ಮತ್ತು ಹಿಮ ಎಂದೇ ಆ ಪರೀಕ್ಷೆಗೆ ಹೆಸರಿಟ್ಟಿದ್ದರು. ಹಿಮ ಬೆಂಕಿಗೆ ಕಡಿಮೆಯಾಗಲಿಲ್ಲ.